ಮನೆ ಕಂದಾಯ ಮತ್ತು ವೀಲ್‌ಚೇರ್: ಒಂದು ರೂಮಿನ 400 ವರ್ಷದ ಕಥೆ

ಭಾಗ 1/10

ಮನೆ ಕಂದಾಯ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಬೀರುವಿನೊಳಗಿನ ಹಳೇ ರಸೀದಿ ಫೈಲು, ಏಪ್ರಿಲ್‌ನಲ್ಲೇ ಕಟ್ಟಿದ್ರೆ 5 ಪರ್ಸೆಂಟ್ ರಿಯಾಯಿತಿ, ಅಷ್ಟೇ ಅಲ್ವಾ? ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಬೋರಿಂಗ್ ವಿಷಯ ಇನ್ನೊಂದಿಲ್ಲ.

ಆದ್ರೆ ತೆರಿಗೆ ಸುಮ್ಮನೆ ದುಡ್ಡು ವಸೂಲಿ ಮಾಡಿ ಹೋಗಲ್ಲ ಗೆಳೆಯರೇ. ಅದು ಮನೆಯ ಆಕಾರವನ್ನೇ ಬದಲಾಯಿಸುತ್ತೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ತೆರಿಗೆ ಅಂತ ಒಂದಿತ್ತು. ಕಿಟಕಿ ಜಾಸ್ತಿ ಇದ್ದರೆ ತೆರಿಗೆ ಜಾಸ್ತಿ. ಜನ ಏನು ಮಾಡಿದರು? ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟರು. ತೆರಿಗೆ ಉಳೀತು, ಬೆಳಕು ಹೋಯ್ತು. ಅಲ್ಲಿನ ಹಳೇ ಬೀದಿಗಳಲ್ಲಿ ಆ ಕುರುಡು ಕಿಟಕಿಗಳು ಇವತ್ತಿಗೂ ಕಾಣಸಿಗುತ್ತವೆ.

ಈ ಸರಣಿಯಲ್ಲಿ ಕೇಳ್ತಿರೋ ಪ್ರಶ್ನೆ ಇದು: ಮನೆಯಲ್ಲಿ ವಿಕಲಚೇತನರು ಇದ್ದಾರೆ, ಅವರಿಗೋಸ್ಕರ ಬಾಗಿಲು ಅಗಲ ಮಾಡಿಸಿದ್ದಾರೆ, ಕೆಳಗಡೆ ಇನ್ನೊಂದು ಬಚ್ಚಲುಮನೆ ಕಟ್ಟಿಸಿದ್ದಾರೆ. ಆಗ ತೆರಿಗೆ ಜಾಸ್ತಿ ಆಗಬೇಕಾ, ಕಡಿಮೆ ಆಗಬೇಕಾ? ಕಡಿಮೆ ಮಾಡೋದಾದ್ರೆ ಅದು ದಯೆನಾ, ನ್ಯಾಯನಾ?

ಈ ಜಗಳವನ್ನ ಇಂಗ್ಲೆಂಡ್ 400 ವರ್ಷ ಆಡಿದೆ. ಬನ್ನಿ, ಶುರುವಿಂದ ನೋಡೋಣ.

ಭಾಗ 2/10

ವರ್ಷ 1601. ರಾಣಿ ಒಂದನೇ ಎಲಿಜಬೆತ್ ಆಳ್ವಿಕೆಯ ಕೊನೆಯ ದಿನಗಳು. ಅಲ್ಲಿನ ಪಾರ್ಲಿಮೆಂಟ್ 'ಬಡವರ ಕಾನೂನು' ಪಾಸ್ ಮಾಡುತ್ತೆ. ಪ್ರತಿ ಪ್ಯಾರಿಷ್‌ನಲ್ಲೂ (ಚರ್ಚ್ ಸುತ್ತಲಿನ ಊರು ಅಂತ ಇಟ್ಕೊಳ್ಳಿ) ಸ್ಥಿತಿವಂತ ಮನೆಯವರಲ್ಲಿ ಇಬ್ಬರಿಂದ ನಾಲ್ವರನ್ನ ವರ್ಷಕ್ಕೊಮ್ಮೆ ಮೇಲ್ವಿಚಾರಕರು ಅಂತ ನೇಮಿಸಬೇಕು. ಅವರು ಊರಿನ ಜಮೀನು, ಮನೆ ಅನುಭವಿಸ್ತಿರೋ ಎಲ್ಲರಿಂದಲೂ ಹಣ ಎತ್ತಬೇಕು. ಪಾದ್ರಿಗೂ ಬಿಡುವಿಲ್ಲ. ಇದೇ ಬ್ರಿಟನ್ನಿನ ಆಸ್ತಿ ತೆರಿಗೆಯ ತಾಯಿಬೇರು. ಅವರ ಭಾಷೇಲಿ ಇದಕ್ಕೆ 'ರೇಟ್ಸ್' ಅಂತಾರೆ.

ಈಗ ಸ್ವಲ್ಪ ನಿಧಾನಕ್ಕೆ ಓದಿ. ಈ ಹಣ ಎತ್ತಿದ್ದು ಯಾರಿಗೋಸ್ಕರ? ರಸ್ತೆಗಲ್ಲ, ಚರಂಡಿಗಲ್ಲ. ಕೈಲಾಗದ ಬಡವರಿಗೆ: ಕುಂಟುವವರು, ಕಣ್ಣು ಕಾಣದವರು, ಮುದುಕರು, ದುಡಿಯೋ ಶಕ್ತಿ ಇಲ್ಲದವರು. ಆ ಕಾನೂನಿನಲ್ಲಿ ಇವರ ಪಟ್ಟಿಯೇ ಇದೆ. ಇನ್ನೂ ಒಂದು ಮಾತಿದೆ: ಊರಿನ ಬಂಜರು ಅಥವಾ ಗೋಮಾಳದಂಥ ಜಾಗದಲ್ಲಿ, ಒಡೆಯನ ಒಪ್ಪಿಗೆ ಪಡೆದು, ಇಂಥವರಿಗೆ ವಾಸದ ಮನೆ ಕಟ್ಟಿಸಬಹುದು.

ಅಂದ್ರೆ ಆಸ್ತಿ ತೆರಿಗೆ ಹುಟ್ಟಿದ್ದರ ಕಾರಣಗಳಲ್ಲಿ ವಿಕಲಚೇತನರಿಗೆ ಸೂರು ಕೊಡೋದೂ ಒಂದು! ನಾವು ಇದನ್ನ ತೆರಿಗೆಯಿಂದ ಸಿಗೋ 'ವಿನಾಯಿತಿ' ಅಂತ ನೋಡ್ತೀವಿ. ಶುರುವಿನಲ್ಲಿ ಅದು ತೆರಿಗೆಯ ಉದ್ದೇಶವೇ ಆಗಿತ್ತು.

ಅದಕ್ಕೆ ಅಂತ ಆ ಕಾಲವನ್ನ ಚಿನ್ನದ ಕಾಲ ಅಂದ್ಕೋಬೇಡಿ. 1834ರ ಹೊಸ ಕಾನೂನು ಬಂದ ಮೇಲೆ ಇದೇ ತೆರಿಗೆ ಹಣದಲ್ಲಿ ಊರೂರಿಗೆ 'ವರ್ಕ್‌ಹೌಸ್'ಗಳು ಎದ್ದವು. ಮನೆ ಅನ್ನೋ ಹೆಸರಿದ್ದರೂ ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ನಡೆಯಲಾಗದವರು, ಬುದ್ಧಿ ಬೆಳವಣಿಗೆ ಕಡಿಮೆ ಇದ್ದವರು ಎಷ್ಟೋ ಜನ ಜೀವಮಾನವಿಡೀ ಅಲ್ಲೇ ಕಳೆದರು.

ಭಾಗ 3/10

ಅದೇ 1601ರಲ್ಲಿ, ಅದೇ ಪಾರ್ಲಿಮೆಂಟಿನಲ್ಲಿ ಇನ್ನೊಂದು ಕಾನೂನೂ ಬಂತು. ಇದು ದಾನಧರ್ಮದ್ದು. ಜನ ಧರ್ಮಕ್ಕೆ ಅಂತ ಬರೆದಿಟ್ಟ ಆಸ್ತಿ ದುರುಪಯೋಗ ಆಗ್ತಿತ್ತು. ಅದನ್ನ ತಡೆಯೋಕೆ, ಯಾವುದು ಧರ್ಮಕಾರ್ಯ ಅಂತ ಪೀಠಿಕೆಯಲ್ಲಿ ಪಟ್ಟಿ ಕೊಟ್ಟರು. ಆ ಪಟ್ಟಿಯ ಮೊದಲ ಸಾಲಿನಲ್ಲೇ ಮುದುಕರು, ಅಶಕ್ತರು, ಬಡವರು ಬರ್ತಾರೆ.

ಹೀಗೆ ಒಂದೇ ವರ್ಷ ಎರಡು ದಾರಿ ಹುಟ್ಟಿದವು. ಒಂದು, ತೆರಿಗೆ ಎತ್ತಿ ಸಹಾಯ ಮಾಡೋದು. ಎರಡು, ದಾನದ ಸಂಸ್ಥೆಗಳು ಸಹಾಯ ಮಾಡೋದು. ಹಾಗಾದ್ರೆ ದಾನದ ಸಂಸ್ಥೆಯ ಕಟ್ಟಡಕ್ಕೆ ತೆರಿಗೆ ಹಾಕಬೇಕಾ?

ಇದಕ್ಕೊಂದು ವಿಚಿತ್ರ ಉತ್ತರ 1760ರಲ್ಲಿ ಸಿಕ್ತು. ಲಂಡನ್ನಿನಲ್ಲಿ ಸೇಂಟ್ ಲ್ಯೂಕ್ಸ್ ಅಂತ ಮಾನಸಿಕ ರೋಗಿಗಳ ಆಸ್ಪತ್ರೆ ಇತ್ತು, 1751ರಲ್ಲಿ ಶುರುವಾದದ್ದು. ಬಡವರ ತೆರಿಗೆ ಕಟ್ಟಿ ಅಂತ ಅದಕ್ಕೆ ಕೇಳಿದರು. ಕೇಸು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರ ಕೋರ್ಟಿಗೆ ಬಂತು. ತೆರಿಗೆ ಬೀಳೋದು ಆ ಜಾಗವನ್ನ ಅನುಭವಿಸೋರ ಮೇಲೆ. ಇಲ್ಲಿ ಅನುಭವಿಸೋರು ಯಾರು? ರೋಗಿಗಳಾ? ಅಲ್ಲ. ಕೆಲಸದವರಾ? ಅಲ್ಲ. ಟ್ರಸ್ಟಿಗಳಾ? ಅವರಿಗೂ ಅದರಿಂದ ಲಾಭ ಇಲ್ಲ. ಹಾಗಾಗಿ ತೆರಿಗೆ ಹಾಕೋಕೆ ಯಾರೂ ಸಿಗಲಿಲ್ಲ, ಆಸ್ಪತ್ರೆ ಬಚಾವಾಯ್ತು.

ಕೇಳೋಕೆ ಒಳ್ಳೇ ಸುದ್ದಿ. ಆದ್ರೆ ತರ್ಕ ನೋಡಿ. ಹಗಲು ರಾತ್ರಿ ಆ ಗೋಡೆಗಳೊಳಗೇ ಬದುಕ್ತಿದ್ದ ಮನುಷ್ಯರು ಕಾನೂನಿನ ಕಣ್ಣಲ್ಲಿ 'ಇಲ್ಲಿ ವಾಸ ಇರೋರು' ಅಂತ ಲೆಕ್ಕಕ್ಕೇ ಬರಲಿಲ್ಲ. ತೆರಿಗೆ ಉಳಿದದ್ದು ಅವರು ಯಾರೂ ಅಲ್ಲ ಅನ್ನೋ ಕಾರಣಕ್ಕೆ.

ಭಾಗ 4/10

ಈ ಬಚಾವು ನೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ನಡೀತು ಅಷ್ಟೇ. 1865ರಲ್ಲಿ ಲಿವರ್‌ಪೂಲ್‌ನ ಬಂದರಿಗೆ ಸಂಬಂಧಪಟ್ಟ ಮರ್ಸಿ ಡಾಕ್ಸ್ ಕೇಸಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು: ಸಾರ್ವಜನಿಕ ಕೆಲಸಕ್ಕೆ ಬಳಸ್ತೀರಿ ಅನ್ನೋದೊಂದೇ ಕಾರಣಕ್ಕೆ ತೆರಿಗೆ ತಪ್ಪಲ್ಲ. ಬಂದರಿನ ಕೇಸಿನ ಏಟು ಬಿದ್ದದ್ದು ಆಸ್ಪತ್ರೆ, ಅನಾಥಾಲಯ, ಆಶ್ರಮಗಳ ಮೇಲೆ. ಅವೂ ತೆರಿಗೆ ಕಟ್ಟೋ ಸಾಲಿಗೆ ಬಂದವು.

ಆಮೇಲೆ ಸುಮಾರು ನೂರು ವರ್ಷ ಊರಿಗೊಂದು ನ್ಯಾಯ. ಒಂದು ಊರಿನ ಅಧಿಕಾರಿ ಸಂಸ್ಥೆಯ ಕಟ್ಟಡಕ್ಕೆ ಬೇಕಂತಲೇ ಕಡಿಮೆ ಬೆಲೆ ಕಟ್ತಿದ್ದ, ಇನ್ನೊಂದು ಊರಿನವ ಪೂರ್ತಿ ಕಟ್ತಿದ್ದ. 1961ರ ಕಾನೂನು ಇದನ್ನ ನೇರ ಮಾಡಿತು: ಧರ್ಮಸಂಸ್ಥೆಯ ಕಟ್ಟಡಕ್ಕೆ 50 ಪರ್ಸೆಂಟ್ ರಿಯಾಯಿತಿ ಕಡ್ಡಾಯ, ಉಳಿದದ್ದು ಬಿಡೋದು ಸ್ಥಳೀಯ ಕೌನ್ಸಿಲ್‌ಗೆ ಬಿಟ್ಟದ್ದು. 1990ರಿಂದ ಆ ಕಡ್ಡಾಯ ರಿಯಾಯಿತಿ 80 ಪರ್ಸೆಂಟ್ ಆಯ್ತು.

ಒಳ್ಳೇದೇ. ಆದ್ರೆ 1961ರ ಲೆಕ್ಕದಲ್ಲಿ ಒಂದು ದೊಡ್ಡ ತೂತು ಇತ್ತು. ವಿಕಲಚೇತನ ವ್ಯಕ್ತಿ ಒಂದು ಸಂಸ್ಥೆಯೊಳಗೆ ಇದ್ದರೆ ಆ ಕಟ್ಟಡಕ್ಕೆ ಅರ್ಧ ತೆರಿಗೆ. ಅದೇ ವ್ಯಕ್ತಿ ಅಮ್ಮನ ಜೊತೆ, ಹೆಂಡತಿ ಮಕ್ಕಳ ಜೊತೆ ಸ್ವಂತ ಮನೆಯಲ್ಲಿ ಇದ್ದರೆ? ಹೆಚ್ಚುಕಡಿಮೆ ಪೂರ್ತಿ ತೆರಿಗೆ.

ರಿಯಾಯಿತಿ ಕಟ್ಟಡಕ್ಕೆ ಸಿಕ್ಕಿತ್ತು, ಮನುಷ್ಯನಿಗಲ್ಲ.

ಭಾಗ 5/10

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಸುಲಭ ಇದೆ.

ಹಳೇ 'ರೇಟ್ಸ್' ಪದ್ಧತಿಯಲ್ಲಿ ಮನೆಗೆ ಒಂದು ವಾರ್ಷಿಕ ಮೌಲ್ಯ ಕಟ್ತಿದ್ದರು. ಈ ಮನೆಯನ್ನ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅನ್ನೋದೇ ಅದರ ಆಧಾರ. ಆ ಮೌಲ್ಯದ ಒಂದೊಂದು ಪೌಂಡಿಗೆ ಇಷ್ಟು ಅಂತ ಕೌನ್ಸಿಲ್ ತೆರಿಗೆ ಹಾಕ್ತಿತ್ತು.

ಈಗ ಯೋಚನೆ ಮಾಡಿ. ಪೋಲಿಯೊ ಆದ ಮಗಳಿಗೆ ಮೆಟ್ಟಿಲು ಹತ್ತೋಕಾಗಲ್ಲ ಅಂತ ಕೆಳಗೆ ಇನ್ನೊಂದು ಬಚ್ಚಲುಮನೆ ಕಟ್ಟಿಸ್ತೀರಿ. ಚಳಿಗೆ ಮೈ ಸೆಟೆದುಕೊಳ್ಳುತ್ತೆ ಅಂತ ಮನೆಗೆಲ್ಲ ಹೀಟಿಂಗ್ ಹಾಕಿಸ್ತೀರಿ. ಗಾಲಿಕುರ್ಚಿ ತಿರುಗಿಸೋಕೆ ರೂಮು ದೊಡ್ಡದು ಮಾಡಿಸ್ತೀರಿ. ಮೌಲ್ಯ ಕಟ್ಟೋ ಅಧಿಕಾರಿಯ ಕಣ್ಣಿಗೆ ಇದೆಲ್ಲ ಏನು? ಎರಡು ಬಾತ್‌ರೂಮ್, ಸೆಂಟ್ರಲ್ ಹೀಟಿಂಗ್, ದೊಡ್ಡ ರೂಮು. ಅಂದ್ರೆ ಸುಖ ಜಾಸ್ತಿ, ಬಾಡಿಗೆ ಜಾಸ್ತಿ, ತೆರಿಗೆ ಜಾಸ್ತಿ.

ಬೇರೆಯವರಿಗೆ ಐಷಾರಾಮ ಆಗಿರೋದು ಇವರಿಗೆ ಅನಿವಾರ್ಯ. ಆದ್ರೆ ತೆರಿಗೆಯ ಅಳತೆಗೋಲಿಗೆ ಎರಡೂ ಒಂದೇ.

ಪೂರ್ತಿ ಕುರುಡಾಗಿಯೂ ಇರಲಿಲ್ಲ ಕಾನೂನು. 1967ರ ಜನರಲ್ ರೇಟ್ ಆ್ಯಕ್ಟಿನ 45ನೇ ಸೆಕ್ಷನ್ ಪ್ರಕಾರ, ಗಾಲಿಕುರ್ಚಿ ಅಥವಾ ಅಶಕ್ತರ ವಾಹನ ಇಡೋಕೆ ಸರ್ಕಾರ ಕೊಟ್ಟ ಶೆಡ್, ಅಂಥದ್ದೇ ಇನ್ನು ಕೆಲವು ರಚನೆಗಳನ್ನ ಮೌಲ್ಯಕ್ಕೆ ಸೇರಿಸುವಂತಿರಲಿಲ್ಲ. ಗಾಡಿ ನಿಲ್ಲೋ ಜಾಗಕ್ಕೆ ಮಾಫಿ ಇತ್ತು. ಆ ಗಾಡಿಯಲ್ಲಿ ಓಡಾಡೋ ಮನುಷ್ಯ ಮಲಗೋ ಜಾಗಕ್ಕೆ?

ಭಾಗ 6/10

ಇಲ್ಲಿ ಇಬ್ಬರನ್ನ ಪರಿಚಯ ಮಾಡ್ಕೊಳ್ಳಿ.

ಮೊದಲನೆಯವರು ಪಾಲ್ ಹಂಟ್. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಲೆ ಕೋರ್ಟ್ ಅನ್ನೋ ಚೆಷೈರ್ ಹೋಮ್‌ನಲ್ಲಿ ಇದ್ದವರು. ಯುದ್ಧಕಾಲದ ವಿಮಾನ ಚಾಲಕ ಲೆನಾರ್ಡ್ ಚೆಷೈರ್ 1948ರಲ್ಲಿ ಶುರು ಮಾಡಿದ ಮೊದಲ ಹೋಮ್ ಅದು. (ನಮ್ಮ ಬೆಂಗಳೂರಿನಲ್ಲೂ ಒಂದು ಚೆಷೈರ್ ಹೋಮ್ ಇದೆ. ಅದರ ಬೇರು ಅಲ್ಲಿಂದಲೇ.) ಆ ಹೋಮ್‌ಗಳಿಂದ ಎಷ್ಟೋ ಜನರಿಗೆ ಆಸರೆ ಸಿಕ್ಕಿದ್ದು ನಿಜ. ಆದ್ರೆ ಒಳಗಿದ್ದ ಹಂಟ್ ಬೇರೆ ಪ್ರಶ್ನೆ ಕೇಳಿದರು: ಯಾವಾಗ ಮಲಗಬೇಕು, ಯಾವಾಗ ಹೊರಗೆ ಹೋಗಬೇಕು ಅಂತ ನಮ್ಮ ಬದುಕಿನ ಬಗ್ಗೆ ಬೇರೆಯವರು ಯಾಕೆ ತೀರ್ಮಾನ ಮಾಡಬೇಕು? 1972ರಲ್ಲಿ ಅವರು ಗಾರ್ಡಿಯನ್ ಪತ್ರಿಕೆಗೆ ಒಂದು ಪತ್ರ ಬರೆದರು. ಅದರಿಂದ ವಿಕಲಚೇತನರದ್ದೇ ಒಂದು ಸಂಘ ಹುಟ್ಟಿತು. ನಮ್ಮನ್ನ ಅಂಗವಿಕಲರನ್ನಾಗಿ ಮಾಡೋದು ನಮ್ಮ ದೇಹ ಅಲ್ಲ, ನಮ್ಮನ್ನ ಹೊರಗಿಡೋ ಸಮಾಜ ಅನ್ನೋದು ಅವರ ವಾದ.

ಎರಡನೆಯವರು ಆಲ್ಫ್ ಮೋರಿಸ್. ಲೇಬರ್ ಪಕ್ಷದ ಸಂಸದ. ಅವರು ಖಾಸಗಿ ಮಸೂದೆಯಾಗಿ ತಂದ ಕಾನೂನು 1970ರ ಮೇ ತಿಂಗಳಲ್ಲಿ ಪಾಸಾಯ್ತು. ಸ್ಥಳೀಯ ಕೌನ್ಸಿಲ್‌ಗಳು ತಮ್ಮ ಊರಿನ ವಿಕಲಚೇತನರನ್ನ ಗುರುತಿಸಬೇಕು, ಮನೆಯಲ್ಲಿ ಬೇಕಾದ ಬದಲಾವಣೆಗೆ ನೆರವಾಗಬೇಕು ಅನ್ನೋದು ಅದರಲ್ಲಿತ್ತು. 1974ರಲ್ಲಿ ಮೋರಿಸ್ ವಿಕಲಚೇತನರ ಖಾತೆಯ ಮೊದಲ ಸಚಿವರಾದರು.

ಈಗ ವಿಪರ್ಯಾಸ ನೋಡಿ. ಒಂದು ಕಾನೂನು ಹೇಳುತ್ತೆ: ಮನೆ ಬದಲಾಯಿಸ್ಕೊಳ್ಳಿ, ನೆರವು ಕೊಡ್ತೀವಿ, ನೀವು ನಿಮ್ಮ ಮನೆಯಲ್ಲೇ ಬದುಕಬೇಕು. ಇನ್ನೊಂದು ಕಾನೂನು ಹಿಂದೆಯೇ ಬಂದು ಹೇಳುತ್ತೆ: ಓಹೋ, ಮನೆ ದೊಡ್ಡದಾಯ್ತಾ? ತೆರಿಗೆ ಜಾಸ್ತಿ ಕಟ್ಟಿ.

ಒಂದು ಕೈ ಕೊಟ್ಟಿದ್ದನ್ನ ಇನ್ನೊಂದು ಕೈ ಕಿತ್ತುಕೊಳ್ತಿತ್ತು.

ಭಾಗ 7/10

ಆ 45ನೇ ಸೆಕ್ಷನ್‌ನ ಅರ್ಥ ಎಲ್ಲಿವರೆಗೆ ಹೋಗುತ್ತೆ ಅನ್ನೋ ಪ್ರಶ್ನೆ ಕೋರ್ಟು ಹತ್ತಿತು. ಶೆಡ್‌ಗೆ ಅನ್ವಯಿಸೋದು ವಿಕಲಚೇತನ ವ್ಯಕ್ತಿ ವಾಸ ಇರೋ ಮನೆಗೂ ಅನ್ವಯಿಸಬೇಕಲ್ವಾ ಅನ್ನೋದು ವಾದ. 1976ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನ ಒಪ್ಪಲಿಲ್ಲ, ಸೆಕ್ಷನ್ನನ್ನ ಕಿರಿದಾಗಿಯೇ ಓದಿತು. ಕೋರ್ಟಿನಲ್ಲಿ ಸೋತರು ನಿಜ. ಆದ್ರೆ ಸಮಸ್ಯೆ ಎಲ್ಲರ ಕಣ್ಣಿಗೆ ಬಿತ್ತು.

ಎರಡೇ ವರ್ಷದಲ್ಲಿ, 1978ರಲ್ಲಿ, ವಿಕಲಚೇತನರ ಮನೆ ತೆರಿಗೆಗೇ ಅಂತ ಪ್ರತ್ಯೇಕ ಕಾನೂನು ಬಂತು. ಅದರಲ್ಲಿ ಎರಡು ಭಾಗ. ಒಂದು, ಮನೆಗಳಿಗೆ: ವಿಕಲಚೇತನ ವ್ಯಕ್ತಿಯ ಅಗತ್ಯಕ್ಕೆ ಬೇಕಾದ ರೂಮು, ಹೆಚ್ಚುವರಿ ಬಚ್ಚಲು ಅಥವಾ ಶೌಚಾಲಯ, ಹೀಟಿಂಗ್ ವ್ಯವಸ್ಥೆ, ಗಾಲಿಕುರ್ಚಿ ಓಡಾಡೋ ಜಾಗ, ಗ್ಯಾರೇಜ್ ಇವುಗಳಿಗೆ ತೆರಿಗೆ ವಾಪಸ್. ಎರಡು, ಸಂಸ್ಥೆಗಳಿಗೆ: ವಿಕಲಚೇತನರ ವಾಸ, ತರಬೇತಿ, ಆರೈಕೆಗೆ ಬಳಸೋ ಕಟ್ಟಡಕ್ಕೂ ರಿಯಾಯಿತಿ.

ಇದು ಯಾಕೆ ದೊಡ್ಡ ತಿರುವು ಗೊತ್ತಾ? 1601ರಿಂದ ಅಲ್ಲಿವರೆಗೆ ಕಾನೂನಿನ ಪ್ರಶ್ನೆ 'ಪಾಪ, ಇವರು ಬಡವರಾ?' ಅಂತಿತ್ತು. 1978ರ ಪ್ರಶ್ನೆ ಬೇರೆ: 'ಅಂಗವೈಕಲ್ಯದಿಂದ ಈ ಮನೆಗೆ ಹೆಚ್ಚುವರಿ ಏನು ಬೇಕಾಯ್ತು?' ಬಡವರೋ ಶ್ರೀಮಂತರೋ ಕೇಳಲಿಲ್ಲ. ಹೆಚ್ಚುವರಿ ಅಗತ್ಯಕ್ಕೆ ಹೆಚ್ಚುವರಿ ತೆರಿಗೆ ಬೇಡ, ಅಷ್ಟೇ.

ದಯೆ ನ್ಯಾಯದ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದು ಇಲ್ಲಿ.

ಭಾಗ 8/10

ಆಮೇಲೆ ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆಗಳ ಮೇಲಿನ 'ರೇಟ್ಸ್' ಪದ್ಧತಿಯನ್ನೇ ಕಿತ್ತುಹಾಕಿತು. ಸ್ಕಾಟ್‌ಲೆಂಡಿನಲ್ಲಿ 1989ಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ಕ್ಕೆ ತಲೆಗಂದಾಯ ಬಂತು: ಮನೆಗಲ್ಲ, ತಲೆಗಿಷ್ಟು. ಮನೆಗೆ ತೆರಿಗೆಯೇ ಇಲ್ಲ ಅಂದ ಮೇಲೆ ಮನೆಯ ರಿಯಾಯಿತಿಗೂ ಜಾಗ ಇರಲಿಲ್ಲ. ಜನ ಬೀದಿಗಿಳಿದರು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯೇ ಆಯ್ತು. ತಲೆಗಂದಾಯ ಬಿದ್ದುಹೋಯ್ತು. 1993ರ ಏಪ್ರಿಲ್‌ನಿಂದ ಬಂದದ್ದು ಈಗಲೂ ಇರೋ 'ಕೌನ್ಸಿಲ್ ಟ್ಯಾಕ್ಸ್'.

ಇದರಲ್ಲಿ ಇಂಗ್ಲೆಂಡಿನ ಮನೆಗಳನ್ನ ಬೆಲೆ ನೋಡಿ ಎ ಇಂದ ಎಚ್ ವರೆಗೆ ಎಂಟು ಬ್ಯಾಂಡ್ ಮಾಡಿದ್ದಾರೆ. ಎ ಅಂದ್ರೆ ಅಗ್ಗದ ಮನೆ, ಎಚ್ ಅಂದ್ರೆ ದುಬಾರಿ. ವಿಕಲಚೇತನರ ಅಗತ್ಯಕ್ಕೆ ಅಂತ ಹೆಚ್ಚುವರಿ ರೂಮು, ಎರಡನೇ ಬಚ್ಚಲು ಅಥವಾ ಅಡುಗೆಮನೆ, ಇಲ್ಲಾ ಮನೆಯೊಳಗೆ ಗಾಲಿಕುರ್ಚಿ ಓಡಾಡೋಷ್ಟು ಜಾಗ ಇದ್ದರೆ, ಆ ಮನೆಗೆ ಒಂದು ಬ್ಯಾಂಡ್ ಕೆಳಗಿನ ತೆರಿಗೆ. ಡಿ ಮನೆ ಸಿ ತೆರಿಗೆ ಕಟ್ಟುತ್ತೆ. ಸಿಂಪಲ್.

ಆದ್ರೆ ತಡೀರಿ. ಎ ಮನೆ? ಅದರ ಕೆಳಗೆ ಬ್ಯಾಂಡೇ ಇಲ್ಲ! ಹಾಗಾಗಿ ಎಲ್ಲಕ್ಕಿಂತ ಅಗ್ಗದ ಮನೆಯಲ್ಲಿದ್ದವರಿಗೆ ರಿಯಾಯಿತಿಯೇ ಸಿಗಲಿಲ್ಲ. ಎಚ್ ಬಂಗಲೆಗೆ ಸಿಕ್ತು, ಎ ಗೂಡಿಗೆ ಸಿಗಲಿಲ್ಲ. ಈ ಅನ್ಯಾಯ ಸರಿಹೋಗೋಕೆ ಇಂಗ್ಲೆಂಡಿನಲ್ಲಿ 2000ದ ಏಪ್ರಿಲ್ ಬರಬೇಕಾಯ್ತು. ಏಳು ವರ್ಷ!

ಭಾಗ 9/10

ಈಗ ನಾವೇ ಲೆಕ್ಕ ಹಾಕೋಣ. ಡಿ ಬ್ಯಾಂಡಿನ ತೆರಿಗೆ ವರ್ಷಕ್ಕೆ 1,800 ಪೌಂಡ್ ಅಂತ ಸುಮ್ಮನೆ ಇಟ್ಕೊಳ್ಳಿ. ಕಾನೂನು ಅದನ್ನ ಒಂಬತ್ತು ಪಾಲು ಮಾಡುತ್ತೆ, ಒಂದು ಪಾಲು 200 ಪೌಂಡ್. ಎ ಮನೆಗೆ 6 ಪಾಲು, ಅಂದ್ರೆ 1,200. ಈಗಿನ ರಿಯಾಯಿತಿಯಲ್ಲಿ ಅದು 5 ಪಾಲು ಆಗುತ್ತೆ, 1,000. ಉಳಿದದ್ದು 200. ಎಚ್ ಮನೆಗೆ 18 ಪಾಲು, 3,600. ಅದು ಜಿ ಗೆ ಇಳಿದರೆ 15 ಪಾಲು, 3,000. ಉಳಿದದ್ದು 600.

ಒಂದೇ ಗಾಲಿಕುರ್ಚಿ. ದೊಡ್ಡ ಮನೆಗೆ ಮೂರು ಪಟ್ಟು ಉಳಿತಾಯ. (ಶೇಕಡಾ ಲೆಕ್ಕದಲ್ಲಿ ಎರಡೂ ಸುಮಾರು 17. ಹಾಗಾದ್ರೆ ಇದು ನ್ಯಾಯನಾ, ಅಲ್ವಾ? ಕಾಮೆಂಟಿನಲ್ಲಿ ಜಗಳ ಆಡಿ.) ಉತ್ತರ ಐರ್ಲೆಂಡಿನಲ್ಲಿ ಹಳೇ 'ರೇಟ್ಸ್' ಪದ್ಧತಿಯೇ ಉಳಿದಿದೆ. ಅಲ್ಲಿ ಇಂಥ ಮನೆಗಳಿಗೆ ನೇರವಾಗಿ 25 ಪರ್ಸೆಂಟ್ ಕಡಿತ.

ಇನ್ನೊಂದು ಕಗ್ಗಂಟು ಆ 'ಹೆಚ್ಚುವರಿ' ಅನ್ನೋ ಪದದಲ್ಲಿದೆ. ಎಲ್ಲರಿಗೂ ಮಲಗೋಕೆ ಒಂದು ರೂಮು ಬೇಕೇ ಬೇಕು. ಹಾಗಾಗಿ ವಿಕಲಚೇತನ ವ್ಯಕ್ತಿ ಒಂದು ರೂಮಿನಲ್ಲಿ ಮಲಗ್ತಾರೆ ಅಂದ ಮಾತ್ರಕ್ಕೆ ರಿಯಾಯಿತಿ ಸಿಗಲ್ಲ. ಆ ರೂಮು ಅಂಗವೈಕಲ್ಯದ ಕಾರಣಕ್ಕೇ ಬೇಕಾಯ್ತು ಅಂತ ತೋರಿಸಬೇಕು.

2013ರಲ್ಲಿ ಇನ್ನೊಂದು ತಮಾಷೆ. ಬಾಡಿಗೆಗೆ ಸರ್ಕಾರದ ನೆರವು ಪಡೆಯೋರ ಮನೆಯಲ್ಲಿ ಒಂದು ರೂಮು 'ಜಾಸ್ತಿ' ಇದ್ದರೆ ನೆರವಿನ ಲೆಕ್ಕದಲ್ಲಿ 14 ಪರ್ಸೆಂಟ್ ಕಟ್, ಎರಡೋ ಅದಕ್ಕಿಂತ ಹೆಚ್ಚೋ ಇದ್ದರೆ 25 ಪರ್ಸೆಂಟ್. ಇದು ತೆರಿಗೆ ಅಲ್ಲ, ಆದ್ರೆ ಜನ ಇಟ್ಟ ಅಡ್ಡಹೆಸರು 'ಬೆಡ್‌ರೂಮ್ ಟ್ಯಾಕ್ಸ್'. ಯೋಚನೆ ಮಾಡಿ: ಅಂಗವೈಕಲ್ಯದ ಕಾರಣಕ್ಕೆ ಗಂಡ ಹೆಂಡತಿ ಒಂದೇ ರೂಮಿನಲ್ಲಿ ಮಲಗೋಕಾಗಲ್ಲ. ಎರಡನೇ ರೂಮನ್ನ ಒಂದು ಕಾನೂನು 'ಅಗತ್ಯ' ಅನ್ನಬಹುದು, ಇನ್ನೊಂದು ಅದನ್ನೇ 'ಖಾಲಿ ರೂಮು' ಅನ್ನುತ್ತಿತ್ತು. ಇಂಥ ಒಂದು ದಂಪತಿಯ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. 2016ರ ನವೆಂಬರ್‌ನಲ್ಲಿ ಅವರು ಗೆದ್ದರು.

1970ರ ದಶಕದ ಅದೇ ಎರಡು ಕೈಗಳ ಆಟ, ಹೊಸ ವೇಷದಲ್ಲಿ.

ಭಾಗ 10/10

ಹಾಗಾದ್ರೆ ಈ ಕಥೆಯಿಂದ ನಮಗೇನು?

ಭಾರತ 2007ರಲ್ಲಿ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನ ಒಪ್ಪಿಕೊಂಡಿತು. ಅದರ 19ನೇ ವಿಧಿ ಹೇಳೋದು ಇಷ್ಟು: ಎಲ್ಲಿ, ಯಾರ ಜೊತೆ ಬದುಕಬೇಕು ಅಂತ ಆರಿಸಿಕೊಳ್ಳೋ ಹಕ್ಕು ಎಲ್ಲರಿಗೂ ಸಮಾನವಾಗಿ ಇದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಕೂಡ ಸಮುದಾಯದ ನಡುವೆ ಬದುಕೋ ಹಕ್ಕಿನ ಬಗ್ಗೆಯೇ ಇದೆ. ಮಾತು ಚೆನ್ನಾಗಿದೆ. ಆದ್ರೆ ಹಕ್ಕು ಅನ್ನೋದು ಕಾಯ್ದೆ ಪುಸ್ತಕದಲ್ಲಿ ಇದ್ದರೆ ಸಾಲದು, ಕಂದಾಯದ ರಸೀದಿಯಲ್ಲೂ ಕಾಣಬೇಕು. ಇಂಗ್ಲೆಂಡಿನ ಕಥೆ ಹೇಳೋದು ಅದನ್ನೇ.

ನಮ್ಮ ಊರುಗಳಲ್ಲೂ ಕಂದಾಯ ಹಾಕೋವಾಗ ಮನೆಯ ವಿಸ್ತೀರ್ಣ ನೋಡ್ತಾರೆ. ರ‍್ಯಾಂಪ್ ಹೋಗಬೇಕು, ಗಾಲಿಕುರ್ಚಿ ತಿರುಗಬೇಕು ಅಂದ್ರೆ ಜಾಗ ಬೇಕು. ಜಾಗ ಅಂದ್ರೆ ಚದರಡಿ, ಚದರಡಿ ಅಂದ್ರೆ ಕಂದಾಯ. ಅಲ್ಲಿನ ಎರಡನೇ ಬಚ್ಚಲಿನ ಸಮಸ್ಯೆ ನಮಗೂ ದೂರದ್ದಲ್ಲ.

ಈ ವಾರ ಒಂದು ಸಣ್ಣ ಕೆಲಸ ಮಾಡಿ. ಮನೆಯ ಕಂದಾಯದ ಅರ್ಜಿ ತೆಗೆದು ಓದಿ. ಯಾವ ಯಾವ ರಿಯಾಯಿತಿಗೆ ಕಾಲಂ ಇದೆ? ವಿಕಲಚೇತನರ ಬಗ್ಗೆ ಏನಾದ್ರೂ ಇದೆಯಾ? ಇದ್ದರೆ ಅದು ಸಂಸ್ಥೆಗಾ, ಮನೆಗಾ? ಇಲ್ಲದಿದ್ದರೆ ನಿಮ್ಮ ಪಂಚಾಯ್ತಿಗೆ, ನಗರಸಭೆಗೆ ಹೋಗಿ ಕೇಳಿ. ಪಕ್ಕದ ಬೀದಿಯಲ್ಲಿ ಗಾಲಿಕುರ್ಚಿ ಬಳಸೋರು ಇದ್ದರೆ ಅವರ ಜೊತೆಗೇ ಹೋಗಿ, ಅವರ ಪರವಾಗಿ ಅಲ್ಲ. ಆ ವ್ಯತ್ಯಾಸ ಪಾಲ್ ಹಂಟ್ ಕಲಿಸಿದ್ದು.

1760ರಲ್ಲಿ ಕೋರ್ಟು 'ಇಲ್ಲಿ ವಾಸ ಇರೋರು ಯಾರು?' ಅಂತ ಕೇಳಿದಾಗ ಒಳಗಿದ್ದವರ ಹೆಸರು ಯಾರೂ ಹೇಳಲಿಲ್ಲ. ಇವತ್ತು ಅದೇ ಪ್ರಶ್ನೆ ನಮ್ಮ ಕಂದಾಯದ ಅರ್ಜಿಯಲ್ಲಿ ಇದೆ. ಉತ್ತರ ಸರಿಯಾಗಿ ಬರೆಯೋಣ.

ಸೇವ್ ಮಾಡ್ಕೊಳ್ಳಿ, ಪರೀಕ್ಷೆಗಲ್ಲದಿದ್ದರೂ ಏಪ್ರಿಲ್‌ಗೆ ಬೇಕಾಗುತ್ತೆ. ನಿಮ್ಮ ಊರಿನ ಅರ್ಜಿಯಲ್ಲಿ ಏನು ಸಿಕ್ತು ಅಂತ ಕೆಳಗೆ ಬರೀರಿ.

#ಇತಿಹಾಸ #ಮನೆಕಂದಾಯ #ವಿಕಲಚೇತನರಹಕ್ಕು #ಕನ್ನಡದಲ್ಲಿಓದು